ಶ್ವಾಸಕೋಶದ ರಕ್ತದೊತ್ತಡ, ಒಂದು ಮದ್ದು ಮತ್ತು ಬಿಳಿ ರಕ್ತಕಣಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವೈದ್ಯಕೀಯ ವಿಷಯವೊಂದನ್ನು ಕುರಿತು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ ನನಗೆ ಸಂತೋಷವೂ ಅಳುಕೂ ಒಟ್ಟಿಗೇ ಉಂಟಾದವು. ಈ ಶಾಲೆಯ ಋಣವನ್ನು ಕಿಂಚಿತ್ತಾದರೂ ಸ್ಮರಿಸುವ ಅವಕಾಶ ದೊರೆಯಿತೆಂಬುದು ಸಂತೋಷಕ್ಕೆ ಕಾರಣ. ಹತ್ತನೆಯ ತರಗತಿಯವರೆಗೆ ಇಲ್ಲಿ ಕನ್ನಡದಲ್ಲಿ ಕಲಿತ ನಾನು ಅನಂತರ ನನ್ನ ವೃತ್ತಿಯ ವಿಚಾರವನ್ನೆಲ್ಲ ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಬರೆದವನು. ಅದನ್ನು ಮರಳಿ ನಮ್ಮ ಭಾಷೆಗೆ ತರಬಲ್ಲೆನೇ ಎಂಬುದು ಅಳುಕಿಗೆ ಕಾರಣ. ತಪ್ಪಿದ್ದರೆ ಓದುಗರು ಮನ್ನಿಸಬೇಕು.

ವಿಜ್ಞಾನದ ಮಾಸ್ತರರು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ರಕ್ತದ ಹನಿಯೊಂದನ್ನು ದೊಡ್ಡದಾಗಿ ಬರೆದು, ಕೆಂಪು ಕಣಗಳು ಪ್ರಾಣವಾಯುವನ್ನು ಹೊರುವ ಹಮಾಲರು, ಬಿಳಿ ಕಣಗಳು ದೇಹವನ್ನು ಕಾಯುವ ಸೈನಿಕರು ಎಂದು ಹೇಳಿಕೊಟ್ಟದ್ದು ಇನ್ನೂ ನೆನಪಿದೆ. ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ಗಳಿಸಿದೆ. ಆ ಮಾತು ಸುಳ್ಳಲ್ಲ. ಆದರೆ ಸೈನಿಕನ ಕೈಯಲ್ಲಿ ಆಯುಧವಿರುತ್ತದೆ. ಅವನಿಗೆ ತಪ್ಪು ಸುದ್ದಿ ಮುಟ್ಟಿದರೆ ಏನಾದೀತು ಎಂಬುದನ್ನು ನಾನು ಕಂಡದ್ದು ಬಹಳ ವರ್ಷಗಳ ಮೇಲೆ, ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ.

ಒಂದು ಅನುಭವ

ಆಗ ನಾನು ಹೃದಯದ ಶಸ್ತ್ರಚಿಕಿತ್ಸೆ ನಡೆಯುವ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯನಾಗಿದ್ದೆ. ನಮ್ಮ ಕಾಸರಗೋಡಿನ ಕಡೆಯವರೇ ಆದ, ಕನ್ನಡ ಮಾತ್ರ ಬಲ್ಲ, ಐವತ್ತೈದರ ಆಸುಪಾಸಿನ ಗೃಹಿಣಿಯೊಬ್ಬರು ಅಲ್ಲಿ ದಾಖಲಾದರು. ಚಿಕ್ಕಂದಿನಲ್ಲಿ ಬಂದ ಗಂಟುವಾತದ ಜ್ವರದಿಂದ ಅವರ ಹೃದಯದ ಮೈಟ್ರಲ್ ಕವಾಟ ಕುಗ್ಗಿಹೋಗಿತ್ತು. ಜೊತೆಗೆ ಸಕ್ಕರೆ ಕಾಯಿಲೆಯೂ ಇತ್ತು. ಹಿಂದಿನ ಸಂಜೆ ನಾನು ನೋಡಲು ಹೋದಾಗ, ಕನ್ನಡದಲ್ಲಿ ಮಾತನಾಡುವ ಡಾಕ್ಟರು ಸಿಕ್ಕಿದರಲ್ಲಾ ಎಂದು ಅವರಿಗೆ ಹಿಗ್ಗು. “ನಾಳೆ ನೀವೇ ಹತ್ತಿರ ಇರ್ತೀರಲ್ಲ ಡಾಕ್ಟ್ರೇ?” ಎಂದು ಕೇಳಿದರು. “ಇರ್ತೇನೆ ಅಮ್ಮ” ಎಂದೆ.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಹೊಸ ಕವಾಟ ಕೂತಿತು. ಹೃದಯ ತಾನಾಗಿ ಬಡಿಯತೊಡಗಿತು. ಹೃದಯ-ಶ್ವಾಸಕೋಶ ಯಂತ್ರವನ್ನು ನಿಲ್ಲಿಸಿ, ವಾಡಿಕೆಯಂತೆ ಪ್ರೋಟಮಿನ್ ಎಂಬ ಮದ್ದನ್ನು ರಕ್ತನಾಳಕ್ಕೆ ಹರಿಸತೊಡಗಿದೆವು. ಕೆಲವೇ ನಿಮಿಷಗಳಲ್ಲಿ ಪರದೆಯ ಮೇಲೆ ಶ್ವಾಸಕೋಶದ ಅಪಧಮನಿಯ ಒತ್ತಡವನ್ನು ತೋರಿಸುವ ಗೆರೆ ಮೇಲೇರಿತು. ಅದರ ಬೆನ್ನಿಗೇ ಮೈಯ ರಕ್ತದೊತ್ತಡ ಕುಸಿಯಿತು. ತೆರೆದ ಎದೆಯಲ್ಲಿ ಹೃದಯದ ಬಲಭಾಗ ಉಬ್ಬಿ ನಿಂತದ್ದು ಕಣ್ಣಿಗೇ ಕಾಣುತ್ತಿತ್ತು. ಮದ್ದನ್ನು ಕೂಡಲೇ ನಿಲ್ಲಿಸಿದೆವು. ಹೆಪಾರಿನ್ ಮತ್ತೆ ಕೊಟ್ಟು, ಯಂತ್ರವನ್ನು ಮತ್ತೆ ಜೋಡಿಸಿದೆವು. ಅರ್ಧ ಗಂಟೆಯ ವಿಶ್ರಾಂತಿಯ ಬಳಿಕ ಹೃದಯ ಚೇತರಿಸಿಕೊಂಡಿತು. ಎರಡನೆಯ ಸಲ ಪ್ರೋಟಮಿನ್ ಕೊಡುವ ಧೈರ್ಯ ಮಾಡಲಿಲ್ಲ. ರಕ್ತಸ್ರಾವವನ್ನು ತಾಳ್ಮೆಯಿಂದ, ರಕ್ತದ ಘಟಕಗಳನ್ನು ಕೊಟ್ಟು ನಿಭಾಯಿಸಿದೆವು. ಆ ತಾಯಿ ಬದುಕಿ ಮನೆಗೆ ಹೋದರು.

ಕವಾಟ ಸರಿಯಾಗಿತ್ತು, ಹೃದಯ ಬಡಿಯುತ್ತಿತ್ತು, ಕೊಟ್ಟದ್ದು ಪ್ರತಿದಿನ ಕೊಡುವ ಮದ್ದು. ಹಾಗಿದ್ದೂ ಶ್ವಾಸಕೋಶದ ಬಾಗಿಲು ಮುಚ್ಚಿದ್ದು ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಬಿಳಿ ರಕ್ತಕಣಗಳ ಬಳಿಗೇ ಬಂದು ನಿಲ್ಲುತ್ತೇವೆ.

ಎರಡು ರಕ್ತದೊತ್ತಡಗಳು

ರಕ್ತದೊತ್ತಡವೆಂದರೆ ನಮಗೆ ನೆನಪಾಗುವುದು ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಒತ್ತಡ. ಅದು ಹೃದಯದ ಎಡಭಾಗ ಇಡೀ ಮೈಗೆ ರಕ್ತವನ್ನು ತಳ್ಳುವ ಬಲ. ಆರೋಗ್ಯವಂತರಲ್ಲಿ ಸುಮಾರು 120/80. ಹೃದಯದ ಬಲಭಾಗ ಅದೇ ರಕ್ತವನ್ನು, ನಿಮಿಷಕ್ಕೆ ಸುಮಾರು 5 ಲೀಟರಿನಷ್ಟನ್ನು, ಶ್ವಾಸಕೋಶಗಳ ಮೂಲಕ ಹಾಯಿಸುತ್ತದೆ. ಅಲ್ಲಿಯ ಒತ್ತಡ ಸುಮಾರು 25/10 ಮಾತ್ರ. ಇದನ್ನು ತೋಳಿನ ಪಟ್ಟಿಯಿಂದ ಅಳೆಯಲಾಗದು. ಸಪೂರವಾದ ಕೊಳವೆಯನ್ನು ರಕ್ತನಾಳದೊಳಗಿನಿಂದ ಹೃದಯವನ್ನು ದಾಟಿಸಿ ಶ್ವಾಸಕೋಶದ ಅಪಧಮನಿಯಲ್ಲಿಟ್ಟು ಅಳೆಯಬೇಕು.

ತೋಟವುಳ್ಳವರಿಗೆ ಇದು ಸುಲಭವಾಗಿ ಅರ್ಥವಾದೀತು. ಗುಡ್ಡದ ಮೇಲಿನ ಟಾಂಕಿಗೆ ನೀರೇರಿಸಲು ದೊಡ್ಡ ಪಂಪು ಬೇಕು. ಕೆರೆಯಿಂದ ಪಕ್ಕದ ತೋಟಕ್ಕೆ ಹಾಯಿಸಲು ಚಿಕ್ಕ ಪಂಪು ಸಾಕು. ಹೃದಯದ ಬಲಭಾಗ ಆ ಚಿಕ್ಕ ಪಂಪಿನಂತೆ. ಅದರ ಗೋಡೆ ತೆಳು. ಯಾರಾದರೂ ಪೈಪನ್ನು ಮೆಟ್ಟಿ ಹಿಡಿದರೆ ಚಿಕ್ಕ ಪಂಪು ಬಿಸಿಯೇರಿ ನಿಲ್ಲುವಂತೆ, ಶ್ವಾಸಕೋಶದ ನಾಳಗಳು ಹಠಾತ್ತನೆ ಬಿಗಿದುಕೊಂಡರೆ ಬಲ ಹೃದಯ ಸೋಲುತ್ತದೆ. ಮುಂದೆ ಎಡ ಹೃದಯಕ್ಕೆ ರಕ್ತವೇ ಬಾರದು. ಬಾರದ ರಕ್ತವನ್ನು ಅದು ಮೈಗೆ ತಳ್ಳುವುದಾದರೂ ಹೇಗೆ? ಶ್ವಾಸಕೋಶದ ಒತ್ತಡ ಏರಿದಾಗ ಮೈಯ ಒತ್ತಡ ಬೀಳುವುದು ಇದೇ ಕಾರಣದಿಂದ.

ಹೆಪಾರಿನ್ ಮತ್ತು ಪ್ರೋಟಮಿನ್

ಹೃದಯವನ್ನು ನಿಲ್ಲಿಸಿ ಶಸ್ತ್ರಚಿಕಿತ್ಸೆ ಮಾಡುವಾಗ ರಕ್ತವನ್ನು ಯಂತ್ರದ ಮೂಲಕ ಹರಿಸಬೇಕು. 1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಎಂಬ ಶಸ್ತ್ರವೈದ್ಯರು ಇಂಥ ಯಂತ್ರದ ನೆರವಿನಿಂದ ತರುಣಿಯೊಬ್ಬಳ ಹೃದಯದ ರಂಧ್ರವನ್ನು ಯಶಸ್ವಿಯಾಗಿ ಮುಚ್ಚಿದರು. ಆದರೆ ಯಂತ್ರದ ಕೊಳವೆಗಳನ್ನು ಮುಟ್ಟಿದ ರಕ್ತ ಹೆಪ್ಪುಗಟ್ಟುತ್ತದೆ. ಅದನ್ನು ತಡೆಯುವ ಮದ್ದೇ ಹೆಪಾರಿನ್. 1916ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿಯ ಕೆಲಸದಿಂದ ಇದರ ಶೋಧ ಆರಂಭವಾಯಿತು. ಯಕೃತ್ತಿನಲ್ಲಿ ದೊರೆತುದರಿಂದ ಅದರ ಗ್ರೀಕ್ ಹೆಸರಿನಿಂದ ಹೆಪಾರಿನ್ ಎಂದು ಕರೆದರು.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ರಕ್ತ ಮತ್ತೆ ಹೆಪ್ಪುಗಟ್ಟುವಂತಾಗಬೇಕು. ಇಲ್ಲವಾದರೆ ಹೊಲಿಗೆಯ ಪ್ರತಿಯೊಂದು ತೂತಿನಿಂದಲೂ ರಕ್ತ ಸೋರುತ್ತದೆ. ಹೆಪಾರಿನ್ನನ್ನು ತಣಿಸುವ ಮದ್ದು ಪ್ರೋಟಮಿನ್. ಇದರ ಮೂಲ ಮೀನಿನ ವೀರ್ಯ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಫ್ರೀಡ್ರಿಕ್ ಮೀಷರ್ ಎಂಬ ವಿಜ್ಞಾನಿ ರೈನ್ ನದಿಯ ಸಾಲ್ಮನ್ ಮೀನುಗಳಲ್ಲಿ ಇದನ್ನು ಕಂಡುಹಿಡಿದರು. ಇದಕ್ಕೆ ಐದು ವರ್ಷ ಮೊದಲು, 1869ರಲ್ಲಿ, ಇದೇ ಮೀಷರ್ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ರೋಗಿಗಳ ಗಾಯದ ಪಟ್ಟಿಗಳಿಗೆ ಅಂಟಿದ ಕೀವಿನಿಂದ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಅವುಗಳ ಕೋಶಕೇಂದ್ರದಲ್ಲಿ ನಾವು ಇಂದು ಡಿಎನ್‌ಎ ಎಂದು ಕರೆಯುವ ವಸ್ತುವನ್ನು ಮೊದಲ ಬಾರಿಗೆ ಪಡೆದಿದ್ದರು. ಬಿಳಿ ಕಣ ಮತ್ತು ಪ್ರೋಟಮಿನ್ ಎರಡನ್ನೂ ಪರೀಕ್ಷಿಸಿದ ಆ ಮಹನೀಯರಿಗೆ, ಮುಂದೊಂದು ದಿನ ಇವೆರಡೂ ಮನುಷ್ಯನ ಶ್ವಾಸಕೋಶದಲ್ಲಿ ಎದುರಾಗುವುವೆಂದು ತಿಳಿದಿರಲು ಸಾಧ್ಯವಿರಲಿಲ್ಲ.

ಹೆಪಾರಿನ್ ಋಣ ವಿದ್ಯುದಂಶವುಳ್ಳದ್ದು. ಪ್ರೋಟಮಿನ್ ಧನ ವಿದ್ಯುದಂಶವುಳ್ಳದ್ದು. ಎರಡೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಇವು ಹೀಗೆ ಕೂಡಿಕೊಳ್ಳುವ ವಿಷಯ ತಿಳಿದದ್ದು 1937ರಲ್ಲಿ. ಅಡಿಕೆಯ ಕೊಳೆರೋಗಕ್ಕೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣವನ್ನು ಇಲ್ಲಿ ನೆನೆಯಬಹುದು. ಮೈಲುತುತ್ತಿನ ಉರಿಯನ್ನು ಸುಣ್ಣ ತಣಿಸುತ್ತದೆ, ನಿಜ. ಆದರೆ ಬೆರೆಸಿದ ಮೇಲೆ ಪೀಪಾಯಿಯಲ್ಲಿ ಉಳಿಯುವುದು ತುತ್ತೂ ಅಲ್ಲ, ಸುಣ್ಣವೂ ಅಲ್ಲ. ಕದಡಿದ ಮೂರನೆಯ ವಸ್ತುವೊಂದು ಹುಟ್ಟಿರುತ್ತದೆ. ಹಾಗೆಯೇ ಹೆಪಾರಿನ್ ಮತ್ತು ಪ್ರೋಟಮಿನ್ ಕೂಡಿದಾಗ ರಕ್ತದಲ್ಲಿ ಮೂರನೆಯದೊಂದು ಜೋಡಿವಸ್ತು ಹುಟ್ಟುತ್ತದೆ. ತೊಂದರೆ ಮೊದಲಾಗುವುದು ಇಲ್ಲಿಂದ.

ತಪ್ಪು ಸುದ್ದಿ

ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸಮೂಹವಿದೆ. ಇವು ಊರಿನ ಕಾವಲುಗಂಟೆಯಂತೆ. ರೋಗಾಣು ಒಳಹೊಕ್ಕರೆ ಒಂದು ಇನ್ನೊಂದನ್ನು ಎಬ್ಬಿಸುತ್ತ ಹೋಗಿ ಕೊನೆಗೆ ಸಿ5ಎ ಎಂಬ ಚಿಕ್ಕ ತುಣುಕೊಂದು ಬಿಡುಗಡೆಯಾಗುತ್ತದೆ. ಬಿಳಿ ಕಣಗಳಿಗೆ ಇದೇ ಯುದ್ಧದ ಕರೆ. ಹೆಪಾರಿನ್-ಪ್ರೋಟಮಿನ್ ಜೋಡಿಯನ್ನು ಕಂಡಾಗಲೂ ಈ ಗಂಟೆ ಬಾರಿಸುತ್ತದೆ. ಶತ್ರುವಿಲ್ಲ, ಆದರೆ ಕರೆ ಹೊರಟಿದೆ.

ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 4,000ದಿಂದ 11,000 ಬಿಳಿ ಕಣಗಳಿರುತ್ತವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನ್ಯೂಟ್ರೊಫಿಲ್‌ಗಳು. ಶ್ವಾಸಕೋಶದ ಲೋಮನಾಳಗಳು ಎಷ್ಟು ಇಕ್ಕಟ್ಟೆಂದರೆ, ಅವುಗಳಲ್ಲಿ ಹಾಯುವಾಗ ನ್ಯೂಟ್ರೊಫಿಲ್ ತನ್ನ ಮೈಯನ್ನು ಹಿಂಡಿಕೊಂಡು ಸಾಗಬೇಕಾಗುತ್ತದೆ. ಆದ್ದರಿಂದ ಮಾಮೂಲಿ ದಿನಗಳಲ್ಲಿಯೂ ಬಹಳಷ್ಟು ನ್ಯೂಟ್ರೊಫಿಲ್‌ಗಳು ಶ್ವಾಸಕೋಶದಲ್ಲಿ ತಂಗಿರುತ್ತವೆ. ಸಿ5ಎ ಕರೆ ಬಂದೊಡನೆ ಅವುಗಳ ಮೈ ಗಡುಸಾಗುತ್ತದೆ, ಅಂಟಂಟಾಗುತ್ತದೆ. ಒಂದಕ್ಕೊಂದು ಅಂಟಿ ಗುಂಪುಗೂಡಿ, ನಾಳದ ಗೋಡೆಗೂ ಅಂಟಿ ಅಲ್ಲಿಯೇ ನಿಂತುಬಿಡುತ್ತವೆ. ಆ ಗಳಿಗೆಯಲ್ಲಿ ಕೈಯ ರಕ್ತನಾಳದಿಂದ ರಕ್ತ ತೆಗೆದು ಎಣಿಸಿದರೆ ಬಿಳಿ ಕಣಗಳ ಸಂಖ್ಯೆ ಇಳಿದಿರುತ್ತದೆ. ಕಣಗಳು ಸತ್ತಿಲ್ಲ, ಶ್ವಾಸಕೋಶದಲ್ಲಿ ಸೆರೆಯಾಗಿವೆ.

ಈ ವಿದ್ಯಮಾನವನ್ನು ವೈದ್ಯರು ಮೊದಲು ಸ್ಪಷ್ಟವಾಗಿ ಗುರುತಿಸಿದ್ದು ಬೇರೊಂದು ಕಡೆ, ಮೂತ್ರಪಿಂಡ ಸೋತವರ ಡಯಾಲಿಸಿಸ್‌ನಲ್ಲಿ. ಡಯಾಲಿಸಿಸ್ ಆರಂಭವಾದ ಕೆಲವೇ ನಿಮಿಷಗಳಲ್ಲಿ ಬಿಳಿ ಕಣಗಳು ಕಾಣೆಯಾಗಿ ಮತ್ತೆ ಮರಳುತ್ತವೆಂದು 1968ರಲ್ಲಿ ವರದಿಯಾಯಿತು. ಅಂದಿನ ಯಂತ್ರಗಳ ಸೆಲ್ಲೋಫೇನ್ ಹಾಳೆ ಕಾಂಪ್ಲಿಮೆಂಟನ್ನು ಎಬ್ಬಿಸುತ್ತದೆ, ಅದರಿಂದ ಬಿಳಿ ಕಣಗಳು ಶ್ವಾಸಕೋಶದಲ್ಲಿ ಗುಂಪುಗೂಡುತ್ತವೆ ಎಂದು 1977ರಲ್ಲಿ ಅಮೆರಿಕದ ಮಿನೆಸೋಟದ ವೈದ್ಯರು ತೋರಿಸಿಕೊಟ್ಟರು. 1983ರಲ್ಲಿ ಬೋಸ್ಟನ್ನಿನ ವೈದ್ಯರು, ಪ್ರೋಟಮಿನ್ ಕೊಟ್ಟೊಡನೆ ಶ್ವಾಸಕೋಶದ ನಾಳಗಳು ಭೀಕರವಾಗಿ ಬಿಗಿದುಕೊಂಡ ರೋಗಿಗಳ ವಿವರವನ್ನು ಪ್ರಕಟಿಸಿದರು. 1987ರಲ್ಲಿ, ಇಂಥ ರೋಗಿಗಳ ರಕ್ತದಲ್ಲಿ ಸಿ5ಎ ಮತ್ತು ಥ್ರಾಂಬಾಕ್ಸೇನ್ ಎರಡೂ ಏರಿರುತ್ತವೆಂದು ತಿಳಿದುಬಂತು.

ಅಪರಾಧಿ ಯಾರು?

ಹಾಗಾದರೆ ಬಿಳಿ ಕಣಗಳ ಗುಂಪೇ ನಾಳಕ್ಕೆ ಬಿರಡೆಯಂತೆ ಕೂತು ಒತ್ತಡವನ್ನು ಏರಿಸಿತೆ? ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ. ಆದರೆ ಸ್ಥಳದಲ್ಲಿ ಸಿಕ್ಕವನೆಲ್ಲ ಕಳ್ಳನಾಗಬೇಕಿಲ್ಲವಷ್ಟೆ.

ನಾಳವನ್ನು ಬಿಗಿಯುವ ಮುಖ್ಯ ವಸ್ತು ಥ್ರಾಂಬಾಕ್ಸೇನ್. 1975ರಲ್ಲಿ ಸ್ವೀಡನ್ನಿನ ಬೆಂಗ್ಟ್ ಸ್ಯಾಮುಯೆಲ್ಸನ್ ಮತ್ತು ಸಂಗಡಿಗರು ಇದನ್ನು ಗುರುತಿಸಿದರು. 1982ರ ನೊಬೆಲ್ ಬಹುಮಾನದಲ್ಲಿ ಸ್ಯಾಮುಯೆಲ್ಸನ್ ಪಾಲು ಪಡೆದರು. ಇದರ ಆಯುಸ್ಸು ಬಹಳ ಕಿರಿದು. ಅರ್ಧ ನಿಮಿಷದಲ್ಲಿ ಅರ್ಧದಷ್ಟು ನಶಿಸುತ್ತದೆ. ಆದರೆ ಆ ಅರ್ಧ ನಿಮಿಷದಲ್ಲಿ ನಾಳದ ಸ್ನಾಯುವನ್ನು ಗಟ್ಟಿಯಾಗಿ ಹಿಂಡಬಲ್ಲದು. ಕುರಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಥ್ರಾಂಬಾಕ್ಸೇನ್ ಹುಟ್ಟದಂತೆ ಮೊದಲೇ ಮದ್ದು ಕೊಟ್ಟಾಗ ಪ್ರೋಟಮಿನ್ನಿನಿಂದ ಶ್ವಾಸಕೋಶದ ಒತ್ತಡ ಏರಲಿಲ್ಲ. ಬರಿಯ ಬಿರಡೆಯೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ರಕ್ತದ ತಟ್ಟೆಕಣಗಳೂ ಥ್ರಾಂಬಾಕ್ಸೇನನ್ನು ಹುಟ್ಟಿಸುತ್ತವೆ. ಆದರೆ ತಟ್ಟೆಕಣಗಳನ್ನು ತೀರ ಕಡಿಮೆ ಮಾಡಿದ ಕುರಿಗಳಲ್ಲಿಯೂ ಒತ್ತಡ ಏರಿತು. ಆದ್ದರಿಂದ ಸಂಶಯ ಮ್ಯಾಕ್ರೊಫೇಜ್‌ಗಳ ಮೇಲೆ ಬಿತ್ತು. ಇವು ಬಿಳಿ ರಕ್ತಕಣಗಳ ಕುಲಕ್ಕೇ ಸೇರಿದ, ಅಂಗಾಂಗಗಳಲ್ಲಿ ನೆಲೆಯೂರಿ ಕಸವನ್ನು ನುಂಗುವ ದೊಡ್ಡ ಕಣಗಳು. ಕುರಿ, ಹಂದಿ, ದನಗಳ ಶ್ವಾಸಕೋಶದ ನಾಳಗಳ ಒಳಗೋಡೆಗೇ ಇವು ಹೇರಳವಾಗಿ ಅಂಟಿಕೊಂಡಿರುತ್ತವೆ. ಮನುಷ್ಯರಲ್ಲಿ ಹಾಗಿಲ್ಲ. ಕುರಿಯಲ್ಲಿ ಈ ಪ್ರತಿಕ್ರಿಯೆ ಸುಲಭವಾಗಿ ಕಾಣಿಸಿಕೊಳ್ಳುವುದಕ್ಕೂ, ಮನುಷ್ಯರಲ್ಲಿ ಅದು ವಿರಳವಾಗಿರುವುದಕ್ಕೂ ಇದೊಂದು ಕಾರಣವಿರಬಹುದು. ಪ್ರಾಣಿಗಳಲ್ಲಿ ಕಂಡುದನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಬಾರದೆಂಬ ಪಾಠವೂ ಇದರಲ್ಲಿದೆ.

ಒಟ್ಟಿನಲ್ಲಿ, ನಾಳವನ್ನು ಮೊದಲು ಬಿಗಿಯುವುದು ಥ್ರಾಂಬಾಕ್ಸೇನ್. ಕಾಂಪ್ಲಿಮೆಂಟಿನ ಕರೆಗೆ ಓಗೊಟ್ಟು ಓಡಿಬಂದ ನ್ಯೂಟ್ರೊಫಿಲ್‌ಗಳ ಹಾವಳಿ ಅದರ ಜೊತೆಗೂ, ಅದರ ಮುಂದೆಯೂ ನಡೆಯುತ್ತದೆ. ರೋಗಾಣುವನ್ನು ಸುಡಲೆಂದು ಅವು ಇಟ್ಟುಕೊಂಡ ಕಿಣ್ವಗಳೂ ತೀಕ್ಷ್ಣವಾದ ಆಮ್ಲಜನಕದ ಕಣಗಳೂ ನಾಳದ ಒಳಪದರವನ್ನೇ ಸುಡುತ್ತವೆ. ಆಗ ನಾಳ ಸೋರುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಾಸ್ತರರ ಸೈನಿಕರು ದ್ರೋಹಿಗಳೇನೂ ಅಲ್ಲ. ತಪ್ಪು ಸುದ್ದಿಯನ್ನು ನಂಬಿ ತಮ್ಮ ಕರ್ತವ್ಯವನ್ನು ಮಾಡಿದವರು.

ಆ ತಾಯಿಗೇ ಏಕೆ?

ಪ್ರೋಟಮಿನ್ ಪಡೆದವರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಏಕೆ ಆಗುತ್ತದೆ? ಒಂದು ಉತ್ತರ, ದೇಹಕ್ಕೆ ಪ್ರೋಟಮಿನ್ನಿನ ಹಳೆಯ ಪರಿಚಯ. 1936ರಲ್ಲಿ ಡೆನ್ಮಾರ್ಕಿನ ಹಾಗೆಡೋರ್ನ್ ಎಂಬವರು ಇನ್ಸುಲಿನ್ ಬಹಳ ಹೊತ್ತು ಕೆಲಸ ಮಾಡುವಂತೆ ಅದಕ್ಕೆ ಪ್ರೋಟಮಿನ್ ಸೇರಿಸಿದರು. ಇಂದು ಎನ್‌ಪಿಎಚ್ ಎಂದು ಕರೆಯುವ, ಹಾಲಿನಂತೆ ಕದಡಿರುವ ಇನ್ಸುಲಿನ್ ಅದರ ಸಂತತಿ. ವರ್ಷಗಟ್ಟಲೆ ಇದನ್ನು ಚುಚ್ಚಿಕೊಂಡ ಕೆಲವರಲ್ಲಿ ಪ್ರೋಟಮಿನ್ನಿನ ವಿರುದ್ಧ ಪ್ರತಿಕಾಯಗಳು ಬೆಳೆದಿರುತ್ತವೆ. ಅಂಥವರಲ್ಲಿ ಕಾವಲುಗಂಟೆ ಬೇಗ ಬಾರಿಸುತ್ತದೆ. ಹಿಂದೆ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಪ್ರೋಟಮಿನ್ ಪಡೆದವರು, ಮೀನು ತಿಂದರೆ ಅಲರ್ಜಿಯಾಗುವವರು, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗಂಡಸರು, ಇವರ ವಿಷಯದಲ್ಲಿಯೂ ನಾವು ಎಚ್ಚರದಿಂದಿರುತ್ತೇವೆ. ಇಂಥವರಿಗೆಲ್ಲ ಅಪಾಯವಾಗುತ್ತದೆಂದಲ್ಲ, ತಿಳಿದಿದ್ದರೆ ಸಿದ್ಧರಾಗಿರಬಹುದೆಂದು.

ಮೂರನೆಯ ದಿನ ಆ ತಾಯಿಯ ಸೊಸೆಯೊಡನೆ ಮಾತನಾಡುತ್ತಿದ್ದಾಗ ನಾನು ಕೇಳಿದೆ: “ಅತ್ತೆಗೆ ಮನೆಯಲ್ಲಿ ಸಕ್ಕರೆಗೆ ಏನು ಕೊಡ್ತಿದ್ದಿರಿ ಅಮ್ಮ?” ಆಕೆ ಹೇಳಿದರು: “ಬಿಳಿ ಸೂಜಿಮದ್ದು. ಅಂಗೈಯಲ್ಲಿ ಉರುಟಿಸಿ ಕೊಡುವುದು. ಆರು ವರ್ಷದಿಂದ ನಾನೇ ಚುಚ್ಚುವುದು.”

ಆಸ್ಪತ್ರೆಯ ಕಾಗದದಲ್ಲಿ ಸಕ್ಕರೆ ಕಾಯಿಲೆಯಿದೆ, ಚಿಕಿತ್ಸೆ ನಡೆದಿದೆ ಎಂದಷ್ಟೇ ಬರೆದಿತ್ತು. ದಾಖಲಾದ ಮೇಲೆ ಕೊಟ್ಟದ್ದು ಪ್ರೋಟಮಿನ್ ಇಲ್ಲದ ತಿಳಿ ಇನ್ಸುಲಿನ್. ಪ್ರಶ್ನೆಯ ಕಾಗದ ಅವರಿಗೆ ಓದಲು ಬಾರದ ಭಾಷೆಯಲ್ಲಿತ್ತು. ಯಾರೋ ಬಾಯ್ದೆರೆಯಾಗಿ “ಏನು ಮದ್ದು ತಿನ್ನುತ್ತೀರಿ?” ಎಂದು ಕೇಳಿದಾಗ ಅವರು ಮಾತ್ರೆಗಳ ಹೆಸರನ್ನು ಹೇಳಿದ್ದರು. ತಿನ್ನುವ ಮದ್ದನ್ನು ಕೇಳಿದರು, ತಿನ್ನುವ ಮದ್ದನ್ನು ಹೇಳಿದರು. ಅವರ ತಪ್ಪೇನು? ಹಿಂದಿನ ಸಂಜೆ ಅರ್ಧ ಗಂಟೆ ಕನ್ನಡದಲ್ಲಿ ಮಾತನಾಡಿದ ನಾನೂ ಆ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ. ಆ ಇನ್ಸುಲಿನ್ನೇ ಕಾರಣವಾಗಿತ್ತೆಂದು ನಾನು ಖಂಡಿತವಾಗಿ ಹೇಳಲಾರೆ. ಆದರೆ ತಿಳಿದಿದ್ದರೆ ಪ್ರೋಟಮಿನ್ನನ್ನು ಮತ್ತಷ್ಟು ನಿಧಾನವಾಗಿ, ಯಂತ್ರವನ್ನು ಕೈಯಳತೆಯಲ್ಲಿ ಸಜ್ಜಾಗಿಟ್ಟುಕೊಂಡು ಕೊಡುತ್ತಿದ್ದೆ. ಅಂದಿನಿಂದ ಹೃದಯದ ಶಸ್ತ್ರಚಿಕಿತ್ಸೆಗೆ ಬರುವ ಸಕ್ಕರೆ ಕಾಯಿಲೆಯವರಿಗೆಲ್ಲ ನಾನು ಕೇಳುವ ಮೊದಲ ಪ್ರಶ್ನೆ, “ನಿಮ್ಮ ಸೂಜಿಮದ್ದು ತಿಳಿಯೋ, ಬಿಳಿಯೋ?”

ನಾವು ಮಾಡಬೇಕಾದುದು

ವೈದ್ಯರ ಕಡೆಯಿಂದ ಮಾಡಬೇಕಾದುದು ಸ್ಪಷ್ಟ. ಉಳಿದಿರುವ ಹೆಪಾರಿನ್ನಿಗೆ ತಕ್ಕಷ್ಟೇ ಪ್ರೋಟಮಿನ್ ಕೊಡಬೇಕು. ಅವಸರಿಸದೆ ಹತ್ತು ನಿಮಿಷಕ್ಕೆ ಕಡಿಮೆಯಾಗದಂತೆ ಹರಿಸಬೇಕು. ಕಣ್ಣು ಪರದೆಯ ಮೇಲಿರಬೇಕು. ಒತ್ತಡ ಏರಿದರೆ ಮದ್ದನ್ನು ನಿಲ್ಲಿಸಿ, ಶುದ್ಧ ಆಮ್ಲಜನಕ ಕೊಟ್ಟು, ಬಲ ಹೃದಯಕ್ಕೆ ಆಸರೆಯಾಗುವ ಮದ್ದುಗಳನ್ನು ಕೊಡಬೇಕು. ಶ್ವಾಸಕೋಶದ ನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಉಸಿರಿನೊಡನೆ ಕೊಡುವ ಸೌಕರ್ಯ ಈಗ ಅನೇಕ ಕಡೆ ಇದೆ. ಯಾವುದಕ್ಕೂ ಮಣಿಯದಿದ್ದರೆ ಮರಳಿ ಯಂತ್ರವೇ ಗತಿ.

ಇದನ್ನೋದಿ ಯಾರೂ ಬಿಳಿ ಇನ್ಸುಲಿನ್ನಿಗೆ ಹೆದರಬಾರದು, ತಾವಾಗಿ ನಿಲ್ಲಿಸಲೂಬಾರದು. ಅದು ಲಕ್ಷಾಂತರ ಜನರ ಪ್ರಾಣ ಕಾಯುವ ಮದ್ದು. ಪ್ರೋಟಮಿನ್ ಕೂಡ ಹಾಗೆಯೇ. ಬೇಕಾದುದು ಮಾಹಿತಿ ಮಾತ್ರ. ಮನೆಯ ಹಿರಿಯರು ತೆಗೆದುಕೊಳ್ಳುವ ಮಾತ್ರೆ, ಸೂಜಿ, ನಾಟಿಮದ್ದು ಎಲ್ಲವನ್ನೂ, ಹಿಂದೆ ಆದ ಶಸ್ತ್ರಚಿಕಿತ್ಸೆಗಳನ್ನೂ, ಮೈಗೆ ಒಗ್ಗದ ಆಹಾರವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಇರಲಿ. ಆಸ್ಪತ್ರೆಗೆ ಹೋಗುವಾಗ ಖಾಲಿ ಬಾಟಲಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ.

ಗಡಿನಾಡಿನಲ್ಲಿರುವ ನಮಗೆ ಈ ಹಾಳೆ ಇತರರಿಗಿಂತ ಹೆಚ್ಚು ಅಗತ್ಯ. ನಾವು ಚಿಕಿತ್ಸೆಗೆಂದು ಒಮ್ಮೆ ಮಂಗಳೂರಿಗೆ, ಒಮ್ಮೆ ದಕ್ಷಿಣದ ಊರುಗಳಿಗೆ ಹೋಗುವವರು. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಹವ್ಯಕ ನುಡಿಯೋ ಇದ್ದೀತು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಆಸ್ಪತ್ರೆಯಲ್ಲಿ ಇಂಗ್ಲಿಷ್. ಇಷ್ಟು ಹೊಳೆಗಳನ್ನು ದಾಟುವಾಗ ಒಂದು ಮಾತು ಕೈತಪ್ಪಿ ನೀರಿಗೆ ಬೀಳುವುದು ಸಹಜ. ಈ ಶಾಲೆಯಲ್ಲಿ ಕಲಿತು ನಾಲ್ಕು ಭಾಷೆ ಬಲ್ಲವರಾದ ಹಳೆ ವಿದ್ಯಾರ್ಥಿಗಳು, ಕನ್ನಡವೊಂದನ್ನೇ ಬಲ್ಲ ಹಿರಿಯರ ಪಕ್ಕದಲ್ಲಿ ಕುಳಿತು ಆ ಕಾಗದವನ್ನು ತುಂಬಿಸಿಕೊಟ್ಟರೆ, ಅದೂ ಶಾಲೆಯ ಋಣ ತೀರಿಸುವ ಒಂದು ದಾರಿ.

ಬಿಳಿ ರಕ್ತಕಣಗಳು ಸೈನಿಕರೆಂದು ಕಲಿಸಿದ ಮಾಸ್ತರರು ಇಂದು ನಮ್ಮೊಂದಿಗಿಲ್ಲ. ಅವರ ಪಾಠಕ್ಕೆ ನಾನು ಸೇರಿಸಬಯಸುವುದು ಒಂದೇ ವಾಕ್ಯ: ಸೈನಿಕರಿಗೆ ಸರಿಯಾದ ಸುದ್ದಿ ಮುಟ್ಟಬೇಕು, ವೈದ್ಯರಿಗೂ ಮುಟ್ಟಬೇಕು.